ಡಾಲ್ಫಿನ್ ಕಾರಿನ ಫೈಬರ್ ಬಾಡಿ ರಿಪೇರಿ: ಮಾಡಬೇಕಾದ್ದು, ಮಾಡಬಾರದ್ದು

1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯನ್ನು ಆಧರಿಸಿ ತಯಾರಿಸಿದ ಡಾಲ್ಫಿನ್‌ನ ಛಾಸಿ ಉಕ್ಕಿನದು, ಹೊರಮೈ ಫೈಬರ್‌ನದು. ಅಂದರೆ ಗಾಜಿನ ನಾರನ್ನು ಪಾಲಿಯೆಸ್ಟರ್ ರೆಸಿನ್‌ನಲ್ಲಿ ನೆನೆಸಿ ಗಟ್ಟಿ ಮಾಡಿದ ಪ್ಲಾಸ್ಟಿಕ್. ಹೊಸ ಭಾಗ ಅಂಗಡಿಯಲ್ಲಿ ಕೇಳಿ ತರುವ ಕಾಲ ಹೋಯಿತು. ಒಡೆದದ್ದನ್ನೇ ಉಳಿಸಿಕೊಳ್ಳಬೇಕು. ತಗಡಿನ ಕೆಲಸದಲ್ಲಿ ಪಳಗಿದವರೂ ಇದನ್ನು ಓದಿದ ಮೇಲೆಯೇ ಕೈಹಾಕಿ.

ಮಾಡಬೇಕಾದ್ದು

ಉದುರಿದ ಚೂರುಗಳನ್ನೆಲ್ಲ ಆಯ್ದು ಚೀಲದಲ್ಲಿಡಿ. ಬೆರಳಗಲದ ಚೂರೂ ಬೇಕು; ಮೂಲದ ತಿರುವು ಎಲ್ಲಿತ್ತೆಂದು ಹೇಳುವುದು ಅದೇ.

ಬಿರುಕು ಎಲ್ಲಿ ಮುಗಿಯುತ್ತದೆಂದು ಪೇಂಟ್ ತೆಗೆದು ನೋಡಿ. ಕಣ್ಣಿಗೆ ಕಂಡದ್ದಕ್ಕಿಂತ ಅದು ಮುಂದೆ ಹೋಗಿರುತ್ತದೆ. ಎರಡೂ ತುದಿಗೆ 3 ಮಿ.ಮೀ. ತೂತು ಕೊರೆದು ಅಲ್ಲಿಗೇ ತಡೆಯಿರಿ.

ಬಲ ಬರುವುದು ಹಿಂಬದಿಯಿಂದ. ಒಳಮೈಯ ಮಣ್ಣು, ಗ್ರೀಸ್ ಅಸಿಟೋನ್‌ನಿಂದ ಒರೆಸಿ, ಆಮೇಲೆ ಉಜ್ಜಿ. ಮೊದಲೇ ಉಜ್ಜಿದರೆ ಗ್ರೀಸ್ ಗೀರುಗಳೊಳಗೆ ಇಳಿದು ಕೂರುತ್ತದೆ. ಬಿರುಕಿನ ಅಂಚನ್ನು ಇಳಿಜಾರಾಗಿ ತೆಳುಮಾಡಿ: 3 ಮಿ.ಮೀ. ದಪ್ಪವಿದ್ದರೆ ಇಳಿಜಾರು ಒಂದೂವರೆ ಇಂಚಾದರೂ ಇರಲಿ. ಹೊಸ ಪದರ ಹಳೆಯದನ್ನು ಹಿಡಿದುಕೊಳ್ಳುವುದು ಈ ಅಗಲದಲ್ಲೇ. ಇಲ್ಲಿ ಅವಸರ ಮಾಡಿದ ಕೆಲಸ ಮೊದಲ ಹಳ್ಳದ ರಸ್ತೆಯಲ್ಲೇ ಬಿಟ್ಟುಕೊಳ್ಳುತ್ತದೆ.

ಫೈಬರ್ ಮ್ಯಾಟ್ ಒಂದೊಂದೇ ಪದರ ಹಾಕಿ, ಗಾಳಿಗುಳ್ಳೆ ಉಳಿಯದಂತೆ ರೋಲರ್ ಎಳೆಯಿರಿ. ಬಿಳಿ ಮಚ್ಚೆ ಕಂಡರೆ ಅಲ್ಲಿ ರೆಸಿನ್ ಇಳಿದಿಲ್ಲವೆಂದೇ ಅರ್ಥ.

ರೆಸಿನ್ ಕಲಸುವಾಗ

ಇದು ಜೀವದ ಮಾತು. ಕೋಬಾಲ್ಟ್ ಆಕ್ಸಿಲರೇಟರನ್ನೂ ಹಾರ್ಡ್‌ನರನ್ನೂ ಎಂದೆಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಕೂಡದು. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ. ಅದಾದ ಮೇಲಷ್ಟೇ ಹಾರ್ಡ್‌ನರ್. ಎರಡೂ ಬಾಟಲಿ ಒಂದೇ ಕಪಾಟಿನಲ್ಲಿ ಇರಬಾರದು; ಒಂದೇ ಚಮಚ, ಒಂದೇ ಅಳತೆ ಲೋಟ ಎರಡಕ್ಕೂ ಬಳಸಬಾರದು. ಅಂಗಡಿಯವರನ್ನು ಕೇಳಿ: ಎಷ್ಟೋ ರೆಸಿನ್‌ಗಳಿಗೆ ಕೋಬಾಲ್ಟ್ ಮೊದಲೇ ಸೇರಿರುತ್ತದೆ.

ಹಾರ್ಡ್‌ನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು. ರಕ್ಷಣೆಯ ಕನ್ನಡಕವಿಲ್ಲದೆ ಮುಚ್ಚಳ ತೆಗೆಯಬೇಡಿ. ಸಿಡಿದರೆ ಕಾಲು ಗಂಟೆಯಾದರೂ ನೀರು ಬಿಡುತ್ತಾ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಮಾಣ ಡಬ್ಬಿಯ ಮೇಲಿರುತ್ತದೆ. ಸಾಮಾನ್ಯವಾಗಿ 100 ಗ್ರಾಂ ರೆಸಿನ್‌ಗೆ 1ರಿಂದ 2 ಗ್ರಾಂ ಹಾರ್ಡ್‌ನರ್. ಬೇಗ ಗಟ್ಟಿಯಾಗಲೆಂದು ಇನ್ನಷ್ಟು ಸುರಿಯಬೇಡಿ. ಕಲಸಿ ಉಳಿದ ರೆಸಿನ್ ಡಬ್ಬದಲ್ಲೇ ಕಾದು ಹೊಗೆಯಾಡುತ್ತದೆ, ಕಸದ ಬುಟ್ಟಿಗೆ ಹಾಕದೆ ಹೊರಗೆ ಮರಳಿನ ಮೇಲಿಡಿ.

ಮಾಡಬಾರದ್ದು

ಪುಟ್ಟಿ ಮೆತ್ತಿ ಬಿರುಕು ಮುಚ್ಚಬೇಡಿ. ಪುಟ್ಟಿಗೆ ನಾರಿಲ್ಲ, ಬಲವಿಲ್ಲ. ಪೇಂಟಿನಡಿ ಅದೇ ಬಿರುಕು ಮತ್ತೆ ಮೂಡುತ್ತದೆ.

ಕಾಯಿಸಿ ಬಗ್ಗಿಸಲು, ವೆಲ್ಡ್ ಮಾಡಲು ಹೋಗಬೇಡಿ. ಈ ಪ್ಲಾಸ್ಟಿಕ್ ಕರಗದು, ಸುಟ್ಟು ಕರಿಯಾಗುತ್ತದೆ.

ಪೇಂಟ್ ಕೀಳುವ ರಾಸಾಯನಿಕ ಹಚ್ಚಬೇಡಿ, ರೆಸಿನ್ನನ್ನೂ ತಿನ್ನುತ್ತದೆ. ಕೈಯಲ್ಲೇ ಉಜ್ಜಿ ತೆಗೆಯಿರಿ.

ಎಪಾಕ್ಸಿ ಹಾಕಿದ ಕಡೆ ಅದರ ಮೇಲೆ ಪಾಲಿಯೆಸ್ಟರ್ ಹಾಕಬೇಡಿ, ಸರಿಯಾಗಿ ಅಂಟುವುದಿಲ್ಲ.

ಜಡಿಮಳೆ ಹಿಡಿದ ದಿನ ಮ್ಯಾಟ್ ಹಾಕಬೇಡಿ. ಹಾಕಿದ ಮೇಲೆ ವಾರವಾದರೂ ಬಿಡದೆ ಪೇಂಟ್ ಹೊಡೆಸಬೇಡಿ.

ಮೂಗಿಗೆ ಕರ್ಚೀಫು ಕಟ್ಟಿಕೊಂಡು ಉಜ್ಜಬೇಡಿ. ಗಾಜಿನ ಧೂಳಿಗೂ ರೆಸಿನ್‌ನ ಹಬೆಗೂ ಬಟ್ಟೆ ಅಡ್ಡಬರದು. ಧೂಳಿನ ಫಿಲ್ಟರ್ ಮತ್ತು ಹಬೆಯ ಕಾರ್ಟ್ರಿಜ್ ಎರಡೂ ಇರುವ ಮಾಸ್ಕ್ ಹಾಕಿ. ಮಕ್ಕಳನ್ನು ಹತ್ತಿರ ಸೇರಿಸಬೇಡಿ. ಕೆಲಸಕ್ಕೆ ತೊಟ್ಟ ಬಟ್ಟೆಯನ್ನು ಮನೆಯ ಬಟ್ಟೆಯೊಂದಿಗೆ ಒಗೆಯಬೇಡಿ.

ಜೋಡಿಸುವಾಗ

ಬೋಲ್ಟಿನಡಿ ಅಗಲ ವಾಷರ್ ಕೊಟ್ಟು ಹದವಾಗಿ ಬಿಗಿ ಮಾಡಿ. ಅತಿಯಾದರೆ ತೂತಿನ ಸುತ್ತ ನಕ್ಷತ್ರದಂತೆ ಬಿರುಕು ಒಡೆಯುತ್ತದೆ. ಫೈಬರ್‌ನಲ್ಲಿ ಕರೆಂಟ್ ಹರಿಯದು. ಬಿಚ್ಚಿದ ಅರ್ತ್ ವೈರ್ ಬಾಡಿಗೆ ಕಟ್ಟಿ ಬಿಡದೆ ಛಾಸಿಗೇ ಸೇರಿಸಿ. ಕೆಲಸವಾದ ಮೇಲೆ ದೀಪ ಹತ್ತದಿದ್ದರೆ ಮೊದಲು ನೋಡಬೇಕಾದ್ದು ಅದನ್ನೇ.