ಒಂದೇ ಏಟು, ಜೀವಾವಧಿ ಶಿಕ್ಷೆ

ಪ್ರಶ್ನೆ: 2022ರಲ್ಲಿ ಗದ್ದೆಯ ನೀರಿನ ಜಗಳದಲ್ಲಿ ನನ್ನ ತಮ್ಮ ಗುದ್ದಲಿ ಕಾವಿನಿಂದ ಒಂದೇಟು ಹೊಡೆದ, ಪಕ್ಕದ ಜಮೀನಿನವರು ತೀರಿಕೊಂಡರು. ಕಳೆದ ವಾರ ಅವನಿಗೆ ಜೀವಾವಧಿ ಶಿಕ್ಷೆಯಾಗಿದೆ. ಮೇಲ್ಮನವಿಯಿಂದ ಕಡಿಮೆಯಾದೀತೇ?

ಉತ್ತರ: ಆಗಬಹುದಮ್ಮಾ. ಆದರೆ ‘ಒಂದೇ ಏಟು’ ಎಂಬ ವಾದವಷ್ಟೇ ಸಾಲದು. ಏಟು ಎಲ್ಲಿಗೆ, ಎಷ್ಟು ಜೋರಾಗಿ ಬಿತ್ತೆಂಬುದೂ ಮುಖ್ಯ. ಘಟನೆ 2024ರ ಜುಲೈ 1ಕ್ಕಿಂತ ಹಿಂದಿನದು. ಹಾಗಾಗಿ ಭಾರತೀಯ ದಂಡ ಸಂಹಿತೆಯೇ ಅನ್ವಯ. ಅದರ 300ನೇ ಕಲಮಿನ 4ನೇ ವಿನಾಯಿತಿ ಸಿಗಬೇಕಾದರೆ ಜಗಳ ದಿಢೀರನೆ ಹುಟ್ಟಿರಬೇಕು, ಮೊದಲೇ ಸಂಚಿರಬಾರದು, ಕ್ರೂರವಾಗಿ ವರ್ತಿಸಿರಬಾರದು, ಎದುರಾಳಿಯ ಅಸಹಾಯಕತೆಯ ಲಾಭ ಪಡೆದಿರಬಾರದು.

ಇದನ್ನು ಹೈಕೋರ್ಟ್ ಒಪ್ಪಿದರೆ ಅಪರಾಧ ಕೊಲೆಯ 302ನೇ ಕಲಮಿನಿಂದ 304ಕ್ಕೆ, ಅಂದರೆ ಕೊಲೆಯಲ್ಲದ ಮಾನವ ಹತ್ಯೆಗೆ ಇಳಿಯುತ್ತದೆ. ಉದ್ದೇಶವಿತ್ತೆಂದಾದರೆ ಮೊದಲ ಭಾಗ: ಜೀವಾವಧಿ ಅಥವಾ 10 ವರ್ಷದವರೆಗೆ ಸಜೆ. ಸಾವು ಬರಬಹುದೆಂಬ ಅರಿವಷ್ಟೇ ಇದ್ದರೆ ಎರಡನೇ ಭಾಗ: ಗರಿಷ್ಠ 10 ವರ್ಷ. ಜೈಲಿನಲ್ಲಿ ಈಗಾಗಲೇ ಕಳೆದ ದಿನಗಳು ಆ ಅವಧಿಯಲ್ಲಿ ವಜಾ ಆಗುತ್ತವೆ.

ಮೇಲ್ಮನವಿಗೆ 60 ದಿನ ಕಾಲಾವಕಾಶ. ಜೊತೆಗೇ ಶಿಕ್ಷೆ ಅಮಾನತಿನ ಅರ್ಜಿ ಹಾಕಿಸಿ. ತೀರ್ಪು, ಸಾಕ್ಷಿ ಹೇಳಿಕೆ, ಮರಣೋತ್ತರ ವರದಿಯ ಪ್ರತಿಗಳನ್ನು ವಕೀಲರಿಗೆ ಕೊಡಿ. ವಕೀಲರಿಗೆ ಹಣವಿಲ್ಲದಿದ್ದರೆ ಹೈಕೋರ್ಟ್ ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಕೇಳಿ. ಬಂದಿಗಳಿಗೆ ಅದು ಹಕ್ಕು.