ಆಪತ್ಕಾಲಕ್ಕೆ ಮನೆಯಲ್ಲಿರಬೇಕಾದ ಸುದ್ದಿಯ ಸಾಧನಗಳು

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಫಲವಿಲ್ಲವೆಂಬುದು ನಮ್ಮ ಹಿರಿಯರ ಅನುಭವದ ಮಾತು. ತಿಳಿದ ಗೃಹಸ್ಥನು ಮಳೆಗಾಲ ಬರುವ ಮೊದಲೇ ಕಾಳುಕಡಿ, ಉರುವಲು, ದನಗಳ ಮೇವುಗಳನ್ನು ಕೂಡಿಟ್ಟುಕೊಳ್ಳುತ್ತಾನೆ. ಆದರೆ ಆಪತ್ಕಾಲದಲ್ಲಿ ಅನ್ನ ನೀರಿನಷ್ಟೇ ಅವಶ್ಯವಾದ ಇನ್ನೊಂದು ವಸ್ತುವುಂಟು, ಅದು ಸುದ್ದಿ. ಹೊಳೆ ಏರುತ್ತಿದೆಯೆಂಬ ಸುದ್ದಿ ಹೊರಗಿನಿಂದ ನಮಗೆ ಮುಟ್ಟಬೇಕು. ಮನೆಯಲ್ಲಿ ಒಬ್ಬರಿಗೆ ಹಾವು ಕಚ್ಚಿದೆಯೆಂಬ ಸುದ್ದಿ ನಮ್ಮಿಂದ ಹೊರಗಿನವರಿಗೆ ಮುಟ್ಟಬೇಕು. ಇವೆರಡಕ್ಕೂ ಯಾವ ಸಾಧನಗಳನ್ನು, ಯಾವ ತತ್ತ್ವದ ಮೇಲೆ ಆರಿಸಿಕೊಳ್ಳಬೇಕೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಭಾಗದಲ್ಲಿ ಎಂಥ ಆಪತ್ತುಗಳು ಬರುತ್ತವೆಂಬುದನ್ನು ಮೊದಲು ನೋಡೋಣ. ಗದಗ ಜಿಲ್ಲೆಯೆಂದರೆ ಬರಗಾಲದ ನಾಡೆಂದು ಹೊರಗಿನವರು ತಿಳಿಯುತ್ತಾರೆ. ಆದರೆ 2009ರ ಸಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ಮಹಾಮಳೆಯಲ್ಲಿ ಉತ್ತರ ಕರ್ನಾಟಕವೆಲ್ಲ ತತ್ತರಿಸಿತು. 2019ರ ಅಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಕೊಣ್ಣೂರು, ಹೊಳೆಆಲೂರು ಮೊದಲಾದ ಊರುಗಳ ಜನ ಮನೆಮಾರು ಬಿಟ್ಟು ಹೊರಡಬೇಕಾಯಿತು. ದಕ್ಷಿಣಕ್ಕೆ ಶಿರಹಟ್ಟಿ, ಮುಂಡರಗಿ ತಾಲೂಕುಗಳ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಅವಳಿಗೆ ನೀರು ಬರುವುದು ನಮ್ಮ ಮಳೆಯಿಂದಲ್ಲ, ಮಲೆನಾಡಿನ ಮಳೆಯಿಂದ. ಹೊಳೆಇಟಗಿ, ಹಮ್ಮಿಗಿಗಳ ಆಕಾಶದಲ್ಲಿ ಬಿಸಿಲಿರುವಾಗಲೇ ಹೊಳೆ ಏರಬಹುದು. ಅಲ್ಲಿ ಕಣ್ಣು ಸಾಲದು, ಸುದ್ದಿಯೇ ಬೇಕು. ಇನ್ನು ಲಕ್ಷ್ಮೇಶ್ವರದ ಕಡೆಯ ಎರೆಹೊಲಗಳಲ್ಲಿ ಮುಂಗಾರಿಗೆ ಮುಂಚಿನ ಅಡ್ಡಮಳೆಯೊಡನೆ ಸಿಡಿಲು ಬರುತ್ತದೆ. ಗದಗ-ಬೆಟಗೇರಿಯ ಇಕ್ಕಟ್ಟಾದ ಓಣಿಗಳಲ್ಲಿ ಬೆಂಕಿಯ ಭಯ. ರಾತ್ರಿಯ ಎದೆನೋವು, ಹೆರಿಗೆಯ ಬೇನೆಗಳಂತೂ ಎಲ್ಲ ಊರಿಗೂ ಸಮಾನ.

ಹಿಂದಿನ ಕಾಲದಲ್ಲಿ ಊರಿಗೆ ಡಂಗುರವಿತ್ತು. 1884ರಲ್ಲಿ ಗದಗಿಗೆ ರೈಲು ಬಂದಿತು. ದೂರದ ಸಾವುನೋವುಗಳ ಸುದ್ದಿಯನ್ನು ತಂತಿ ತರುತ್ತಿತ್ತು. ಆ ತಂತಿಯ ಸೇವೆಯು 2013ರ ಜುಲೈಯಲ್ಲಿ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗ ಎಲ್ಲ ಭಾರವೂ ಮೊಬೈಲ್ ಫೋನಿನ ಮೇಲೆ ಬಿದ್ದಿದೆ. ಒಂದೇ ಎತ್ತಿಗೆ ಇಡೀ ಹೊಲದ ಭಾರ ಹೊರಿಸುವುದು ಜಾಣತನವೇ? ಇದೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಸಾಧನವನ್ನು ಆರಿಸುವಾಗ ಬೆಲೆ, ಬಣ್ಣಗಳಿಗಿಂತ ಮೊದಲು ನಾಲ್ಕು ಸಂಗತಿಗಳನ್ನು ಪರೀಕ್ಷಿಸಬೇಕೆಂದು ನನಗೆ ತೋರುತ್ತದೆ. ಒಂದನೆಯದು, ಕರೆಂಟು ಹೋದ ಮೇಲೆ ಅದು ಎಷ್ಟು ಹೊತ್ತು ನಡೆಯುತ್ತದೆ? ಎರಡನೆಯದು, ಅದು ಸುದ್ದಿಯನ್ನು ತರುವುದೋ, ಒಯ್ಯುವುದೋ, ಎರಡನ್ನೂ ಮಾಡುವುದೋ? ಮೂರನೆಯದು, ಮನೆಯಲ್ಲಿರುವ ಎರಡು ಸಾಧನಗಳು ಒಂದೇ ದಾರಿಯನ್ನು ನಂಬಿವೆಯೋ, ಬೇರೆ ಬೇರೆ ದಾರಿಗಳನ್ನೋ? ನಾಲ್ಕನೆಯದು, ಮನೆಯಲ್ಲಿ ಉಳಿಯುವವರು ಅದನ್ನು ಬಳಸಬಲ್ಲರೋ? ಈ ನಾಲ್ಕರಲ್ಲಿ ಕೊನೆಯದೇ ಮುಖ್ಯವೆಂದು ಮುಂದೆ ಹೇಳುವೆನು.

ಸ್ಮಾರ್ಟ್ ಫೋನನ್ನು ಮೊದಲು ತೆಗೆದುಕೊಳ್ಳೋಣ. ಅದರ ಗುಣಗಳು ಅನೇಕ. ಸಿಡಿಲಿನ ಮುನ್ಸೂಚನೆಗೆ 'ದಾಮಿನಿ'ಯಂಥ ಆ್ಯಪುಗಳಿವೆ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಅಸಂಖ್ಯ ಫೋನುಗಳು ಒಮ್ಮೆಲೇ ಕೂಗಿದುದು ನಮಗೆಲ್ಲ ನೆನಪಿದೆ. ಅದು ಸರಕಾರವು ನಡೆಸಿದ ಸೆಲ್ ಬ್ರಾಡ್‌ಕಾಸ್ಟ್ ಎಚ್ಚರಿಕೆಯ ಪರೀಕ್ಷೆ. ಈ ಪದ್ಧತಿಯಲ್ಲಿ ಒಬ್ಬೊಬ್ಬರ ನಂಬರಿಗೆ ಬೇರೆ ಬೇರೆ ಸಂದೇಶ ಹೋಗುವುದಿಲ್ಲ. ಟವರು ತನ್ನ ಸುತ್ತಲಿನ ಎಲ್ಲ ಫೋನುಗಳಿಗೂ ಏಕಕಾಲಕ್ಕೆ ಡಂಗುರ ಸಾರುತ್ತದೆ. ಆದುದರಿಂದ ಜಾಲದಲ್ಲಿ ಗದ್ದಲವಿದ್ದರೂ ಅದು ಮುಟ್ಟುತ್ತದೆ. ಆದರೆ ಸ್ಮಾರ್ಟ್ ಫೋನಿನ ಬ್ಯಾಟರಿ ಒಂದು ದಿನ ಬಾಳಿದರೆ ಹೆಚ್ಚು. ಟವರಿಗೂ ಬ್ಯಾಟರಿ, ಡೀಸೆಲ್ಲುಗಳ ಮಿತಿಯುಂಟು. ಅದರ ತರಂಗಗಳು ಬಹುಮಟ್ಟಿಗೆ ನೇರವಾಗಿ ಚಲಿಸುವುದರಿಂದ ಕಪ್ಪತಗುಡ್ಡದಂಥ ಗುಡ್ಡದ ಮರೆಯಲ್ಲಿ ಸಿಗ್ನಲ್ ಕುಗ್ಗುತ್ತದೆ. ಎಲ್ಲರೂ ಒಮ್ಮೆಲೇ ಕರೆ ಮಾಡಿದಾಗ ಮಾತು ಹೋಗದಿದ್ದರೂ ಎಸ್ಸೆಮ್ಮೆಸ್ಸು ಹೋಗುವ ಸಂಭವ ಹೆಚ್ಚು. ಏಕೆಂದರೆ ಅದಕ್ಕೆ ಬೇಕಾದ ಜಾಗ ಅತ್ಯಲ್ಪ. ದಾರಿ ತೆರವಾಗುವವರೆಗೆ ಅದು ಕಾಯಬಲ್ಲದು.

ಕೀಪ್ಯಾಡ್ ಫೋನನ್ನು ಈಗಿನ ತರುಣರು ಕೀಳಾಗಿ ಕಾಣುತ್ತಾರೆ. ಆಪತ್ಕಾಲಕ್ಕೆ ಅದೇ ಲೇಸು. ಒಮ್ಮೆ ಚಾರ್ಜು ಮಾಡಿದರೆ ಹಲವು ದಿನ ಬಾಳುತ್ತದೆ. ಟಾರ್ಚು ಅದರಲ್ಲಿಯೇ ಇರುತ್ತದೆ. ಅನೇಕ ಫೋನುಗಳಲ್ಲಿ ರೇಡಿಯೋ ಕೂಡ. 2017ರ ಜನೆವರಿಯಿಂದ ನಮ್ಮ ದೇಶದಲ್ಲಿ ಮಾರುವ ಫೋನುಗಳಿಗೆ ಆಪತ್ತಿನ ಗುಂಡಿ ಇರಬೇಕೆಂಬ ನಿಯಮ ಬಂದಿದೆ. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್ ಫೋನಿನಲ್ಲಿ ಪವರ್ ಗುಂಡಿಯನ್ನು ಮೂರು ಸಲ ಒತ್ತುವುದು ಅದರ ರೀತಿ. ಕೊಳ್ಳುವಾಗ ಅಂಗಡಿಯವರಿಂದ ಇದನ್ನು ಕೇಳಿ ತಿಳಿದುಕೊಳ್ಳಬೇಕು. ಎರಡು ಎಚ್ಚರಿಕೆಗಳು ಮಾತ್ರ ಅವಶ್ಯ. 2ಜಿ ಫೋನಿನಲ್ಲಿ, 4ಜಿ ಜಾಲವನ್ನಷ್ಟೇ ನಡೆಸುವ ಕಂಪನಿಯ ಸಿಮ್ ನಡೆಯುವುದಿಲ್ಲ. ಮೇಲೆ ಹೇಳಿದ ಸೆಲ್ ಬ್ರಾಡ್‌ಕಾಸ್ಟ್ ಎಚ್ಚರಿಕೆಯನ್ನು ಹಳೆಯ ಕೀಪ್ಯಾಡ್ ಫೋನುಗಳಲ್ಲಿ ಅನೇಕವು ತೋರಿಸುವುದಿಲ್ಲ.

ಮನೆಯ ತಂತಿಫೋನಿನ ವಿಷಯದಲ್ಲಿ ಒಂದು ಭ್ರಮೆ ಉಳಿದಿದೆ. ತಾಮ್ರದ ತಂತಿಯಿದ್ದಾಗ ಟೆಲಿಫೋನ್ ಎಕ್ಸ್‌ಚೇಂಜಿನಿಂದಲೇ 48 ವೋಲ್ಟಿನ ವಿದ್ಯುತ್ತು ಬರುತ್ತಿದ್ದುದರಿಂದ ಊರೆಲ್ಲ ಕತ್ತಲಾದರೂ ಫೋನು ಮಾತನಾಡುತ್ತಿತ್ತು. ಫೈಬರಿನ ಫೋನಿಗೆ ಈ ಗುಣವಿಲ್ಲ. ಗಾಜಿನ ಎಳೆಯು ಬೆಳಕನ್ನು ಒಯ್ಯುತ್ತದೆಯೇ ಹೊರತು ವಿದ್ಯುತ್ತನ್ನು ಒಯ್ಯುವುದಿಲ್ಲ. ಮನೆಯ ಪೆಟ್ಟಿಗೆಗೆ ಕರೆಂಟು ತಪ್ಪಿದ ಕ್ಷಣವೇ ಫೋನೂ ಮೂಕವಾಗುತ್ತದೆ.

ರೇಡಿಯೋ ಸುದ್ದಿಯನ್ನು ತರುತ್ತದೆ, ಒಯ್ಯುವುದಿಲ್ಲ. ಆದರೂ ಅದರ ದಾರಿಯೇ ಬೇರೆ. ನಮ್ಮೂರಿನ ಟವರು ಸತ್ತರೂ ದೂರದ ಪ್ರಸಾರ ಕೇಂದ್ರದ ಧ್ವನಿ ಬರುತ್ತದೆ. ಧಾರವಾಡ ಆಕಾಶವಾಣಿಯು 1950ರ ಜನೆವರಿ 8ರಂದು ಪ್ರಾರಂಭವಾಯಿತು. ಅದರ ಮಧ್ಯಮ ತರಂಗದ ಮುಳ್ಳು ಎಲ್ಲಿ ನಿಲ್ಲಬೇಕೆಂಬುದು ನಮ್ಮ ಅಜ್ಜಂದಿರಿಗೆ ಕತ್ತಲಲ್ಲಿಯೂ ಗೊತ್ತಿತ್ತು. ಮಧ್ಯಮ ತರಂಗವು ನೆಲವನ್ನು ಹಿಡಿದು ಗುಡ್ಡ ದಾಟಿ ದೂರ ಹೋಗುತ್ತದೆ. ಎಫ್.ಎಂ. ಸ್ಪಷ್ಟವಾಗಿದ್ದರೂ ಅದರ ಹರಹು ಚಿಕ್ಕದು. ಆದ್ದರಿಂದ ಎರಡೂ ಇರುವ, ಸೆಲ್ಲಿನ ಮೇಲೆ ನಡೆಯುವ ಸಣ್ಣ ರೇಡಿಯೋ ಉತ್ತಮ. ಯಾವ ಕೇಂದ್ರ ನಮ್ಮ ಮನೆಯಲ್ಲಿ ಕೇಳಿಸುತ್ತದೆಂದು ಮೊದಲೇ ಹಚ್ಚಿ ನೋಡಿರಬೇಕು. ಬಳಸದಾಗ ಸೆಲ್ಲುಗಳನ್ನು ಹೊರಗೆ ತೆಗೆದಿಡಬೇಕು. ಇಲ್ಲವಾದರೆ ಅವು ಒಸರಿ ಯಂತ್ರವನ್ನು ಕೆಡಿಸುತ್ತವೆ.

ವಾಕಿ-ಟಾಕಿಯ ಆಸೆ ಕೆಲವು ಗೆಳೆಯರಿಗಿದೆ. 446.0ರಿಂದ 446.2 ಮೆಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಯಂತ್ರಗಳಿಗೆ ಲೈಸೆನ್ಸು ಬೇಡ. ಉಳಿದವಕ್ಕೆ ಬೇಕು. ಓಣಿ, ಕಟ್ಟಡಗಳ ನಡುವೆ ಅವುಗಳ ಹರಹು ಬಹಳ ಕಡಿಮೆಯಾದ್ದರಿಂದ ಸಾಮಾನ್ಯ ಮನೆಗೆ ಅವು ಅವಶ್ಯವಲ್ಲ. ಹ್ಯಾಮ್ ರೇಡಿಯೋದ ಮಹಿಮೆ ಬೇರೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನಿನ ಸಂಪರ್ಕ ಕಡಿದಾಗ, ಪೋರ್ಟ್ ಬ್ಲೇರಿನಲ್ಲಿದ್ದ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮಹಿಳೆಯು ಅಲ್ಲಿನವರ ಕ್ಷೇಮಸಮಾಚಾರವನ್ನು ಹೊರಜಗತ್ತಿಗೆ ಮುಟ್ಟಿಸಿದರು. ಅದಕ್ಕೆ ಪರೀಕ್ಷೆ ಪಾಸಾಗಿ ಲೈಸೆನ್ಸು ಪಡೆಯಬೇಕು. ಅದು ಒಂದು ಮನೆಯ ಕೆಲಸಕ್ಕಿಂತ ನಮ್ಮಂಥ ಕಾಲೇಜಿನ ಸಂಘವೊಂದಕ್ಕೆ ಒಪ್ಪುವ ಕೆಲಸ.

ಎಲ್ಲಕ್ಕೂ ಅಗ್ಗದ ಸಾಧನ ಸೀಟಿ. ಅದಕ್ಕೆ ಸೆಲ್ಲು ಬೇಡ, ಸಿಮ್ ಬೇಡ. ದಣಿದವರ ಕೂಗು ನಿಂತಮೇಲೂ ಸೀಟಿ ಕೇಳಿಸುತ್ತದೆ. ಬಿಟ್ಟು ಬಿಟ್ಟು ಮೂರು ಸಲ ಊದಿದರೆ 'ನೆರವಿಗೆ ಬನ್ನಿ' ಎಂದು ನೆರೆಹೊರೆಯವರು ತಿಳಿಯುವಂತೆ ಮೊದಲೇ ಮಾತಾಗಿರಬೇಕು. ಬೆಟಗೇರಿಯ ನೇಕಾರರ ಮನೆಗಳಲ್ಲಿ ಮಗ್ಗದ ಸಪ್ಪಳದಲ್ಲಿ ಫೋನಿನ ಗಂಟೆ ಕೇಳಿಸುವುದಿಲ್ಲ. ಅಲ್ಲಿ ಪಕ್ಕದ ಮನೆಯವರು ಬಂದು ಭುಜ ತಟ್ಟುವುದೇ ಸಾಧನ.

ಈಗ ನಾಲ್ಕನೆಯ ಪರೀಕ್ಷೆಗೆ ಬರುವೆನು. ನನ್ನದು ಮುಂಡರಗಿ ತಾಲೂಕಿನ ಒಂದು ಹಳ್ಳಿ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮನೆಗೆಂದು ಕೊಂಡ ಸ್ಮಾರ್ಟ್ ಫೋನು ಬೆಳಗಿನ ಬಸ್ಸಿಗೆ ನನ್ನೊಡನೆ ಗದಗಿಗೆ ಹೊರಡುತ್ತಿತ್ತು. ಅಪ್ಪನ ಫೋನು ಅವನೊಡನೆ ಹೊಲಕ್ಕೆ. ಮನೆಯಲ್ಲಿ ಉಳಿಯುವವರು ಅವ್ವ ಮತ್ತು ಅಜ್ಜಿ. ಇಬ್ಬರಿಗೂ ಅಕ್ಷರ ಬಾರದು. 2023ರ ಆ ಎಚ್ಚರಿಕೆಯ ಪರೀಕ್ಷೆ ನಡೆದಾಗ ಫೋನು ಕೂಗಿದ್ದು ನನ್ನ ಕಿಸೆಯಲ್ಲಿ. ಸಂಜೆ ಇದನ್ನು ಹೇಳಿದಾಗ ಅಜ್ಜಿ, “ಹೊಳಿ ಬಂದ್ರ ಗದಗಿಗೆ ಬರತೈತೇನೋ, ಮನೀಗೆ ಬರತೈತೋ?” ಎಂದು ಕೇಳಿದಳು. ಈ ಪ್ರಶ್ನೆಗೆ ಯಾವ ಪಠ್ಯಪುಸ್ತಕದಲ್ಲಿಯೂ ನನಗೆ ಉತ್ತರ ಸಿಗಲಿಲ್ಲ. ನಮ್ಮ ವರ್ಗದ ಗೆಳೆಯರನ್ನು ವಿಚಾರಿಸಿದಾಗ ಲಕ್ಷ್ಮೇಶ್ವರ, ಶಿರಹಟ್ಟಿಯ ಕಡೆಯ ಎಷ್ಟೋ ಮನೆಗಳ ಸ್ಥಿತಿಯೂ ಇದೇ ಎಂದು ತಿಳಿಯಿತು. ಫೋನುಗಳು ದುಡಿಯುವವರ ಮತ್ತು ಓದುವವರ ಸಂಗಡ ಹೋಗುತ್ತವೆ. ಹಗಲೆಲ್ಲ ಮನೆಯಲ್ಲಿರುವ ಹೆಂಗಸರು, ಮುದುಕರು, ಕೂಸುಗಳ ಬಳಿ ಏನೂ ಉಳಿಯುವುದಿಲ್ಲ. ಹೀಗಿರುವಾಗ ಎಷ್ಟು ಬೆಲೆಯ ಫೋನು ಕೊಂಡರೂ ಅದು ವ್ಯಕ್ತಿಯ ಸಾಧನವಾಯಿತೇ ಹೊರತು ಮನೆಯ ಸಾಧನವಾಗಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಮೊದಲು ಕೊಳ್ಳಬೇಕಾದುದು, ಮನೆಬಿಟ್ಟು ಹೋಗದ ಒಂದು ಕೀಪ್ಯಾಡ್ ಫೋನು. ಅದು ಪಡಸಾಲೆಯ ಗೂಟಕ್ಕೆ ನೇತುಬಿದ್ದಿರಲಿ. ಎರಡು ಸಿಮ್ ಹಿಡಿಯುವಂತಿದ್ದರೆ ಎರಡು ಬೇರೆ ಕಂಪನಿಗಳವನ್ನು ಹಾಕಬೇಕು. ದುಬಾರಿ ರೀಚಾರ್ಜಿನ ಚಿಂತೆಗೂ ದಾರಿಯುಂಟು. ಮಾತು ಮತ್ತು ಎಸ್ಸೆಮ್ಮೆಸ್ಸಿಗಷ್ಟೇ ಹಣ ಕೊಡುವ ಪ್ಯಾಕುಗಳನ್ನು ಕಂಪನಿಗಳು ಇಡಲೇಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ವಿಧಿಸಿದೆ. ಅಕ್ಷರ ಬಾರದವರಿಗಾಗಿ ಒಂದೊಂದು ಅಂಕಿಗೆ ಒಬ್ಬೊಬ್ಬರ ನಂಬರನ್ನು ಕಟ್ಟಿಡಬಹುದು. ನಮ್ಮ ಮನೆಯಲ್ಲಿ 2 ಎಂದರೆ ಅಪ್ಪ, 3 ಎಂದರೆ ನಾನು, 4 ಎಂದರೆ ಪಕ್ಕದ ಮನೆಯ ಕಾಕಾ. ಗುಂಡಿಗಳ ಮೇಲೆ ಮೂರು ಬಣ್ಣ ಹಚ್ಚಿದ್ದೇನೆ. ಅಜ್ಜಿ ಎರಡೇ ದಿನದಲ್ಲಿ ಕಲಿತಳು.

ಎರಡನೆಯದಾಗಿ ರೇಡಿಯೋ ಮತ್ತು ಸೀಟಿ. ಮೂರನೆಯದಾಗಿ, ಅನುಕೂಲವಿದ್ದರೆ 10,000 ಎಂಎಎಚ್ ಪವರ್ ಬ್ಯಾಂಕು. ಅದರಿಂದ ಕೀಪ್ಯಾಡ್ ಫೋನನ್ನು ಐದಾರು ಸಲ ತುಂಬಬಹುದು. ಸಾಲ ಮಾಡಿ ಇನ್ನೇನನ್ನೂ ಕೊಳ್ಳುವ ಅವಶ್ಯಕತೆಯಿಲ್ಲ. ಇವೆಲ್ಲದರ ಜೊತೆಗೆ ಗೋಡೆಯ ಮೇಲೆ ದಪ್ಪ ಅಂಕಿಗಳಲ್ಲಿ ಬರೆದ ಒಂದು ಹಲಗೆ ಬೇಕು. ಎಲ್ಲ ಆಪತ್ತಿಗೂ 112. 2008ರ ನವೆಂಬರ್ 1ರಿಂದ ನಮ್ಮ ರಾಜ್ಯದಲ್ಲಿರುವ ಅಂಬುಲೆನ್ಸಿಗೆ 108. ಅಗ್ನಿಶಾಮಕ ದಳಕ್ಕೆ 101. ಜಿಲ್ಲೆಯ ನೆರೆ ನಿಯಂತ್ರಣ ಕೊಠಡಿಗೆ 1077. ಕೆಳಗೆ ಊರು, ತಾಲೂಕು, ಮನೆಯ ಗುರುತು. ಗಾಬರಿಯಲ್ಲಿ ಸ್ವಂತ ಊರಿನ ಹೆಸರೂ ಬಾಯಿಗೆ ಬಾರದು. ಮಾತಿನಲ್ಲಿಯೂ ಕ್ರಮವಿರಬೇಕು: ಮೊದಲು ಎಲ್ಲಿ, ಆಮೇಲೆ ಏನು, ಆಮೇಲೆ ಎಷ್ಟು ಜನ. ತಿರುಳುಗನ್ನಡಕ್ಕೆ ಹೆಸರಾದ ಪುಲಿಗೆರೆಯ ನಾಡಿನವರಾದ ನಾವು ಆಪತ್ತಿನಲ್ಲಾದರೂ ಮಾತಿನ ತಿರುಳನ್ನಷ್ಟೇ ಹೇಳಲು ಕಲಿಯಬೇಕು.

ಮಿತ್ರರೇ, ಸಾಧನ ಕೊಂಡರೆ ಸಾಲದು, ತಿಂಗಳಿಗೊಮ್ಮೆ ಅದನ್ನು ಪರೀಕ್ಷಿಸಬೇಕು. ಪ್ರತಿ ಅಮಾವಾಸ್ಯೆಯ ಪೂಜೆಯ ದಿನ ಪವರ್ ಬ್ಯಾಂಕು ತುಂಬಿಸಿ, ರೇಡಿಯೋಕ್ಕೆ ಸೆಲ್ಲು ಹಾಕಿ ಹಚ್ಚಿ ನೋಡಿ, ಅವ್ವನಿಂದ ಒಂದು ಕರೆ ಮಾಡಿಸಿದರೆ ಆಯಿತು. ನಮ್ಮಲ್ಲಿ ಅನೇಕರು ನಮ್ಮ ಮನೆಗಳಲ್ಲಿ ಅಕ್ಷರ ಕಲಿತ ಮೊದಲಿಗರು. ಬರುವ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಹಗಲು ಹೊತ್ತು ಯಾರಿರುತ್ತಾರೆ, ಅವರ ಕೈಗೆ ಏನಿದೆ ಎಂಬುದನ್ನು ಪ್ರತಿಯೊಬ್ಬರೂ ನೋಡಬೇಕು. ನಾವು ಕಲಿತದ್ದು ಮನೆಯವರಿಗೆ ಉಪಯೋಗವಾಗುವುದಕ್ಕೆ ಇದಕ್ಕಿಂತ ಸುಲಭವಾದ ಆರಂಭವಿಲ್ಲ.