ಶೆಡ್ಡಿನ ಜೀಪು: ಕಟ್ಟಿಸುವುದೋ, ಬಿಚ್ಚಿ ಮಾರುವುದೋ?

ಪ್ರಶ್ನೆ: ನಮ್ಮ ಕಾಫಿ ತೋಟದ ಶೆಡ್ಡಿನಲ್ಲಿ ಅಜ್ಜನ ಕಾಲದ ಪೆಟ್ರೋಲ್ ಜೀಪು ಎಷ್ಟೋ ವರ್ಷಗಳಿಂದ ನಿಂತಿದೆ. ಇಡಿಯಾಗಿ ಮಾರುವುದಕ್ಕಿಂತ ಬಿಚ್ಚಿ ಪಾರ್ಟ್ಸ್ ಮಾರಿದರೆ ಹೆಚ್ಚು ದುಡ್ಡು ಬರುತ್ತದೆ ಎಂದು ಗ್ಯಾರೇಜಿನವರು ಹೇಳುತ್ತಾರೆ. ಮಗ ರಿಪೇರಿ ಮಾಡಿಸೋಣ ಅನ್ನುತ್ತಾನೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಹೆತ್ತೂರು ಹೋಬಳಿ, ಸಕಲೇಶಪುರ ತಾಲ್ಲೂಕು

ಉತ್ತರ: ಸದ್ಯಕ್ಕೆ ಇಬ್ಬರಿಗೂ ತಲೆಯಾಡಿಸಿ, ಜೀಪಿನ ಮುಂದೆ ಹೋಗಿ ನಿಂತು ಜಾಲರಿಯ ಸೀಳುಗಳನ್ನು ಎಣಿಸಿ. ಬಿಡಿಭಾಗಕ್ಕೆ ಬೆಲೆ ಬರುವುದು ಅದು ಬೇರೆಲ್ಲೂ ಸಿಗದಿದ್ದಾಗ. ಆದ್ದರಿಂದ ನಿಮ್ಮದು ಯಾವ ಜೀಪು ಎಂಬುದು ಮೊದಲು ಗೊತ್ತಾಗಬೇಕು.

ತಗಡಿನ ಜಾಲರಿಯಲ್ಲಿ ಒಂಬತ್ತು ಸೀಳಿದ್ದು, ಹಿಂಬದಿಗೆ ತೆರೆಯುವ ಬಾಗಿಲಿಲ್ಲದಿದ್ದರೆ ಅದು ಎರಡನೇ ಮಹಾಯುದ್ಧದ ಜೀಪು ಆಗಿರಬಹುದು. 1941ರಿಂದ 1945ರವರೆಗೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಇಂಥ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದವು. ಫೋರ್ಡ್ ತಯಾರಿಸಿದ್ದಾದರೆ ಬೋಲ್ಟುಗಳ ತಲೆಯ ಮೇಲೂ ಇಂಗ್ಲಿಷಿನ 'ಎಫ್' ಅಕ್ಷರ ಕೆತ್ತಿರುತ್ತದೆ. ಸೀಳುಗಳು ಏಳಿದ್ದು ಬಾನೆಟ್ಟು ವಿಪರೀತ ಎತ್ತರವಾಗಿದ್ದರೆ ಅದು ಸಿಜೆ-3ಬಿ. ಇದರ 'ಹರಿಕೇನ್' ಎಂಜಿನ್ನಿನಲ್ಲಿ ಒಳಸೇರುವ ವಾಲ್ವುಗಳು ತಲೆಯ ಮೇಲೆ ಕೂತಿವೆ. ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟೂ ಎದ್ದಿತು.

ಎರಡರ ಲೆಕ್ಕಾಚಾರ ಬೇರೆ ಬೇರೆ. ವಿಲ್ಲೀಸ್ ಸಿಜೆ-3ಬಿಯನ್ನು ಹೊರತಂದದ್ದು 1953ರಲ್ಲಿ. ಅಮೆರಿಕದಲ್ಲಿ 1968ಕ್ಕೆ ಅದು ನಿಂತುಹೋಯಿತು. ನಮ್ಮಲ್ಲಿ ಮಾತ್ರ ಮಹೀಂದ್ರ ಕಂಪನಿ ಅದೇ ನಕ್ಷೆಯನ್ನು ಹಿಡಿದು ದಶಕಗಳ ಕಾಲ ಜೀಪು ಮಾಡುತ್ತಲೇ ಹೋಯಿತು. ಹಾಗಾಗಿ ಅದರ ಗೇರ್, ಬೇರಿಂಗ್, ಬ್ರೇಕಿನ ಸಾಮಾನುಗಳಲ್ಲಿ ಬಹಳಷ್ಟನ್ನು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕಿದರೆ ಇಂದಿಗೂ ಹೊಸದಾಗಿಯೇ ಪಡೆಯಬಹುದು. ಹೊಸದು ಸಿಗುವಾಗ ನಿಮ್ಮ ಹಳೆಯದಕ್ಕೆ ಯಾರು ಹೆಚ್ಚು ಕೊಟ್ಟಾರು? ಯುದ್ಧಕಾಲದ ಜೀಪಿನ ವಿಷಯದಲ್ಲಿ ಗ್ಯಾರೇಜಿನವರ ಮಾತು ನಿಜ. ಅದರ ಮೂಲ ಸಾಮಾನಿಗೆ ಸಂಗ್ರಾಹಕರು ಕೇಳಿದಷ್ಟು ಕೊಡುತ್ತಾರೆ. ಆದರೆ ಬಿಚ್ಚಿದ ಮೇಲೆ ಮತ್ತೆ ಜೋಡಿಸಲಾಗದ್ದೂ ಅದೇ ಜೀಪು. ಸಾಮಾನ್ಯ ಜೀಪನ್ನು ಬಿಚ್ಚಿದರೆ ಲಾಭವಿಲ್ಲ, ಅಪರೂಪದ್ದನ್ನು ಬಿಚ್ಚಬಾರದು.

ಇನ್ನು ಕಾಗದಪತ್ರ. ಎಂಜಿನ್ ಹೋದರೆ ಎಂಜಿನ್ ಸಿಗುತ್ತದೆ, ಆರ್‌ಸಿ ಹೋದರೆ ಜೀಪೇ ಹೋದಂತೆ. ಆರ್‌ಸಿ ಅಜ್ಜನ ಹೆಸರಿನಲ್ಲೇ ಇದ್ದರೆ ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗ ಮಾಡಿಸಬೇಕು. ಖಾಸಗಿ ವಾಹನದ ಮೊದಲ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಪ್ರತಿ ಸಲವೂ ವಾಹನವನ್ನು ಹಾಜರುಪಡಿಸಿ ತಪಾಸಣೆ ಮಾಡಿಸಬೇಕು, ಹಸಿರು ತೆರಿಗೆ ಕಟ್ಟಬೇಕು. ಎಷ್ಟು ಬಾಕಿ ಉಳಿದಿದೆ ಎಂದು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಇನ್ನೊಂದು ದಾರಿ ತೆರೆಯಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರುವ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ಮರುನೋಂದಣಿಗೆ 5,000. ನಂಬರಿನ ನಡುವೆ 'ವಿಎ' ಎಂಬ ಅಕ್ಷರಗಳು ಬರುತ್ತವೆ. ಆದರೆ ಅದನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ಹೊರಗೆ ತೆಗೆಯಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ. ತೋಟದಿಂದ ಪೇಟೆಗೆ ಕಾಫಿ ಮೂಟೆ ಹೇರುವ ಯೋಚನೆಯಿದ್ದರೆ ಈ ದಾರಿ ನಿಮಗಲ್ಲ. ಮಲೆನಾಡಿನ ಎಷ್ಟೋ ಪೆಟ್ರೋಲ್ ಜೀಪುಗಳಿಗೆ ಹಿಂದೆ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ನಿಮ್ಮದಕ್ಕೂ ಹಾಗೆ ಮಾಡಿದ್ದರೆ ವಿಂಟೇಜ್ ಪಟ್ಟ ಸಿಗದು. ಆ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿರದಿದ್ದರೆ ಸಾಮಾನ್ಯ ನವೀಕರಣಕ್ಕೂ ತಕರಾರು ಏಳುತ್ತದೆ.

ಕಾಗದ ಸರಿಯಿದ್ದರೆ ಕೈಯಲ್ಲಿ ಸಣ್ಣ ಸುತ್ತಿಗೆ ಹಿಡಿದು ಜೀಪಿನ ಕೆಳಗೆ ತೂರಿ. ತೋಟದ ಜೀಪಿಗೆ ಮಳೆಗಿಂತ ದೊಡ್ಡ ಶತ್ರು ಅದು ಹೊತ್ತ ಹೇರು. ಪೊಟ್ಯಾಷ್ ಗೊಬ್ಬರವೆಂದರೆ ಒಂದು ಬಗೆಯ ಉಪ್ಪು. ಚೀಲದಿಂದ ಉದುರಿದ ಪುಡಿ ತೇವ ಕುಡಿದು ತಳದ ತಗಡನ್ನು ತಿನ್ನುತ್ತದೆ. ಬೋರ್ಡೋ ದ್ರಾವಣಕ್ಕೆ ಕದಡಿದ ಮೈಲುತುತ್ತದ ನೀರು ಚೆಲ್ಲಿದ ಕಡೆ ತಾಮ್ರ ಕಬ್ಬಿಣದ ಮೇಲೆ ಕೂತು, ಕಬ್ಬಿಣ ಕರಗುತ್ತದೆ. ಸ್ಪ್ರಿಂಗ್ ಪ್ಲೇಟುಗಳು ಚಾಸಿಗೆ ಸೇರುವ ಜಾಗ, ಹಿಂಬದಿಯ ಅಡ್ಡಪಟ್ಟಿ, ಬಾಡಿಯ ಬೋಲ್ಟುಗಳ ಸುತ್ತಮುತ್ತ ಬಡಿದು ನೋಡಿ. ಟಣ್ ಎಂದರೆ ಕಬ್ಬಿಣ ಉಳಿದಿದೆ. ಸದ್ದು ಮಂದವಾಗಿದ್ದು ಹಾಳೆ ಹಾಳೆಯಾಗಿ ತುಕ್ಕು ಉದುರಿದರೆ ಖರ್ಚು ಕೈಮೀರುತ್ತದೆ. ತಳದ ತಗಡನ್ನು ಬದಲಿಸಬಹುದು. ಉದ್ದಕ್ಕೂ ಕೊಳೆತ ಚಾಸಿಗೆ ತೇಪೆ ಹಾಕಿ ಬಿಸಿಲೆ ಘಾಟಿ ಇಳಿಯುವುದು ಬುದ್ಧಿವಂತಿಕೆಯಲ್ಲ.

ಎಂಜಿನ್ ಜಾಮ್ ಆಗಿದೆ ಎಂದು ಹೆದರಬೇಡಿ, ಅದನ್ನೇ ನೆಪವಾಗಿಸಿ ಬೆಲೆ ಇಳಿಸುವವರನ್ನೂ ನಂಬಬೇಡಿ. ಬ್ಯಾಟರಿ ಹಾಕಿ ಒಮ್ಮೆಲೇ ಸ್ಟಾರ್ಟ್ ಮಾಡಲು ಹೋಗದಿದ್ದರಾಯಿತು. ಪ್ಲಗ್ ಬಿಚ್ಚಿ ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು ಕೆಲವು ದಿನ ನೆನೆಯಲು ಬಿಡಿ. ಆಮೇಲೆ ಹ್ಯಾಂಡಲ್ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸಿ. ಹಳೆಯ ಪೆಟ್ರೋಲನ್ನು ಪೂರ್ತಿ ಹರಿಸಿ, ಇಲಿ ಕಡಿದ ವೈರನ್ನು ಹೊಸದಾಗಿ ಎಳೆಸಿ. ಬ್ರೇಕನ್ನು ಮುಟ್ಟದೆ ಗಾಡಿಯನ್ನು ಶೆಡ್ಡಿನಿಂದ ಹೊರಗೆ ತರಬೇಡಿ.

ಚಾಸಿ ಮುಗಿದಿದೆ ಅಥವಾ ಆರ್‌ಸಿ ಗತಿಯಿಲ್ಲ ಎಂದಾದರೆ ಬಿಚ್ಚಿ ಮಾರುವುದರಲ್ಲಿ ಪಾಪವೇನಿಲ್ಲ. ನಿಮ್ಮ ಹೌಸಿಂಗು, ಗೇರ್ ಬಾಕ್ಸು ಆಲೂರಿನ ಇನ್ನಾವುದೋ ತೋಟದ ಜೀಪನ್ನು ಓಡಿಸಲಿ. ಒಂದು ಎಚ್ಚರಿಕೆ ಮಾತ್ರ: ಆರ್‌ಸಿ ಮತ್ತು ಚಾಸಿ ನಂಬರಿನ ತುಂಡನ್ನು ಯಾವ ಬೆಲೆಗೂ ಕೈಬಿಡಬೇಡಿ. ಅವೆರಡು ಸಿಕ್ಕರೆ ಕದ್ದ ಗಾಡಿಯೊಂದು ನಿಮ್ಮ ಅಜ್ಜನ ಹೆಸರಿನಲ್ಲಿ ಓಡಾಡಬಹುದು. ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನ ಪ್ರಕಾರ, ಬಳಕೆಗೆ ಬಾರದಂತಾದ ವಾಹನದ ವಿಷಯವನ್ನು ಮಾಲೀಕರು 14 ದಿನದೊಳಗೆ ಆರ್‌ಟಿಒ ಕಚೇರಿಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ನೋಂದಣಿ ರದ್ದಾದ ಮೇಲೆ ಸ್ಪ್ಯಾನರ್ ಎತ್ತಿಕೊಳ್ಳಿ.

ಕಾಗದ, ಚಾಸಿ ಎರಡೂ ಗಟ್ಟಿಯಿದ್ದರೆ ಮಗನ ಮಾತು ಕೇಳಿ. ಒಂದೇ ಸಲ ದುಡ್ಡು ಸುರಿಯಬೇಕಿಲ್ಲ: ಈ ವರ್ಷ ಬ್ರೇಕು ಮತ್ತು ವೈರಿಂಗು, ಮುಂದಿನ ಕೊಯ್ಲಿನ ಹಣ ಬಂದಾಗ ಎಂಜಿನ್ನು, ಬಣ್ಣ ಎಲ್ಲಕ್ಕಿಂತ ಕೊನೆಗೆ. ಮೊದಲೇ ಬಣ್ಣ ಬಳಿಸಿ ಎನ್ನುವ ಮೇಸ್ತ್ರಿ ಸಿಕ್ಕರೆ ಬೇರೆ ಮೇಸ್ತ್ರಿಯನ್ನು ನೋಡಿ.